ಆರನೆಯ ಪುಟದಲ್ಲಿ ಸಿಕ್ಕ ಕುರಿ

ಮಾನ್ಯರೇ,

ನೀವು ಕಳುಹಿಸಿದ ‘ಕುರಿಗಳಲ್ಲಿ ಜಂತುಹುಳು ಬಾಧೆ: ಒಂದು ಸಮಗ್ರ ನೋಟ’ ಎಂಬ ಒಂಬತ್ತು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹಾಗೆಂದು ಹಿಂದಿರುಗಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ; ಆರನೆಯ ಪುಟದ ಒಂದೇ ಒಂದು ಪ್ಯಾರಾ ಅದಕ್ಕೆ ಕಾರಣ.

‘ಭಾರತವು ಕೃಷಿಪ್ರಧಾನ ದೇಶ’ ಎಂದು ಆರಂಭಿಸಿದ್ದೀರಿ. ಈ ವಾಕ್ಯದಿಂದ ಶುರುವಾಗುವ ಲೇಖನ ಈ ತಿಂಗಳು ನಮಗೆ ಬಂದವುಗಳಲ್ಲಿ ನಾಲ್ಕನೆಯದು. ಅಲ್ಲಿಂದ ಪಶುಗಣತಿ, ಹುಳುಗಳ ವರ್ಗೀಕರಣ, ಲ್ಯಾಟಿನ್ ಹೆಸರುಗಳ ಸಾಲು ಎಂದು ಐದು ಪುಟ ಕಳೆದರೂ ಒಂದು ಕುರಿಯೂ ಕಣ್ಣಿಗೆ ಬೀಳುವುದಿಲ್ಲ. ಆರನೆಯ ಪುಟದಲ್ಲಿ ನಿಮ್ಮ ದೊಡ್ಡಪ್ಪ ಬರುತ್ತಾರೆ. ಬೆಳಗ್ಗೆ ಹಟ್ಟಿಯಿಂದ ಮಂದೆ ಬಿಡುವಾಗ ಹಿಂದೆ ಬಿದ್ದ ಕುರಿಯೊಂದನ್ನು ಮೊಣಕಾಲುಗಳ ನಡುವೆ ಹಿಡಿದು, ಬಿಸಿಲಿಗೆ ಮುಖ ತಿರುಗಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ನೋಡಿ, ‘ಸುಣ್ಣ ಆಗೈತೆ’ ಎನ್ನುತ್ತಾರೆ. ಅದರ ಮರುವಾಕ್ಯದಲ್ಲಿಯೇ ನೀವು ‘ರಕ್ತಹೀನತೆಯ ರೋಗಲಕ್ಷಣಗಳು ಗೋಚರಿಸಲ್ಪಡುತ್ತವೆ’ ಎಂದು ಬರೆದು ಅವರನ್ನು ಪುಟದಿಂದ ಆಚೆಗೆ ಕಳುಹಿಸಿಬಿಟ್ಟಿದ್ದೀರಿ. ಲೇಖನ ಇರುವುದು ಅವರ ಹೆಬ್ಬೆರಳಿನ ತುದಿಯಲ್ಲಿ, ಅಲ್ಲಿಂದಲೇ ಆರಂಭಿಸಿ.

ದೊಡ್ಡಪ್ಪ ನೋಡಿದ್ದನ್ನೇ ದಕ್ಷಿಣ ಆಫ್ರಿಕಾದ ಪಶುವೈದ್ಯರು ಫಮಾಚಾ ಎಂಬ ಬಣ್ಣದ ಪಟ್ಟಿಯಾಗಿ ರೂಪಿಸಿದರು. ರೆಪ್ಪೆಯ ಒಳಭಾಗ ಕೆಂಪಗಿದ್ದರೆ 1, ಕಾಗದದಂತೆ ಬಿಳಿಚಿದ್ದರೆ 5. 4 ಮತ್ತು 5 ಬಂದ ಕುರಿಗೆ ಔಷಧಿ ಕುಡಿಸಲೇಬೇಕು, 1 ಮತ್ತು 2 ಇರುವುದನ್ನು ಬಿಡಬಹುದು, 3ರಲ್ಲಿ ಕುರಿಯ ಮೈಕಟ್ಟು ಮತ್ತು ಹಂಗಾಮು ನೋಡಿ ನಿರ್ಧರಿಸಬೇಕು. ಆದರೆ ಈ ಪರೀಕ್ಷೆ ರಕ್ತ ಹೀರುವ ಹುಳುಗಳಿಗೆ, ಮುಖ್ಯವಾಗಿ ಹೀಮೋಂಕಸ್‌ಗೆ ಮಾತ್ರ ಹೊಂದುತ್ತದೆ ಎಂಬುದನ್ನು ನೀವು ಹೇಳದೆ ಬಿಡಬಾರದು. ಕೆರೆಯಂಗಳದಲ್ಲಿ ಮೇಯುವ ಮಂದೆಯಲ್ಲಿ ಬಸವನಹುಳುವಿನ ಮೂಲಕ ಹರಡುವ ಯಕೃತ್ತಿನ ಚಪ್ಪಟೆಹುಳುವಿನಿಂದಲೂ ಕಣ್ಣು ಬಿಳಿಚುತ್ತದೆ, ಮತ್ತು ಅದಕ್ಕೆ ಐವರ್ಮೆಕ್ಟಿನ್ ಎಂಬ ಜಂತುಹುಳು ಔಷಧಿ ಕೆಲಸ ಮಾಡುವುದಿಲ್ಲ.

ಇನ್ನು ತಪ್ಪುಗಳು. ಒಂದು ಹೀಮೋಂಕಸ್ ಹುಳು ದಿನಕ್ಕೆ 0.5 ಮಿ.ಲೀ. ರಕ್ತ ಕಳೆಯುತ್ತದೆ ಎಂದು ಬರೆದಿದ್ದೀರಿ. ಇಪ್ಪತ್ತೈದು ಕಿಲೋ ತೂಗುವ ಕುರಿಯಲ್ಲಿ ಇರುವ ರಕ್ತವೇ ಸುಮಾರು ಒಂದೂವರೆ ಲೀಟರ್. ನಿಮ್ಮ ಲೆಕ್ಕದಲ್ಲಿ ಮೂರು ಸಾವಿರ ಹುಳುಗಳಿರುವ ಕುರಿ ಒಂದೇ ದಿನದಲ್ಲಿ ಬರಿದಾಗಬೇಕು. ಸರಿಯಾದ ಅಂಕಿ ಸುಮಾರು 0.05 ಮಿ.ಲೀ. ಆಗಲೂ ದಿನಕ್ಕೆ 150 ಮಿ.ಲೀ., ಅಂದರೆ ಮೈಯ ರಕ್ತದ ಹತ್ತನೆಯ ಒಂದು ಪಾಲು ಹೋಗುತ್ತದೆ. ಸತ್ಯವೇ ಇಷ್ಟು ಭಯಂಕರವಾಗಿರುವಾಗ ದಶಾಂಶ ಬಿಂದುವನ್ನು ಜರುಗಿಸುವ ಅಗತ್ಯವಿರಲಿಲ್ಲ. ಹಿಕ್ಕೆಯಲ್ಲಿ ಅಕ್ಕಿಕಾಳಿನಂತೆ ಕಾಣುವ ಬಿಳಿ ತುಣುಕುಗಳು ಹೀಮೋಂಕಸ್‌ನವಲ್ಲ, ಲಾಡಿಹುಳುವಿನವು. ಹೀಮೋಂಕಸ್‌ನ ಮೊಟ್ಟೆ ಬರಿಗಣ್ಣಿಗೆ ಕಾಣುವುದಿಲ್ಲ, ಹುಳು ಇರುವುದು ನಾಲ್ಕನೆಯ ಹೊಟ್ಟೆಯಲ್ಲಿ. ಭೇದಿಯನ್ನು ಅದರ ಮೊದಲ ಲಕ್ಷಣವೆಂದು ಹೇಳಿರುವುದೂ ಸರಿಯಲ್ಲ. ಎಷ್ಟೋ ವೇಳೆ ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ, ಗದ್ದದ ಕೆಳಗೆ ಮಾತ್ರ ನೀರು ತುಂಬಿ ಚೀಲದಂತೆ ಜೋತುಬೀಳುತ್ತದೆ; ಹಿಕ್ಕೆ ನೋಡಿಕೊಂಡು ನೆಮ್ಮದಿಯಿಂದಿರುವ ಕುರಿಗಾಹಿ ಮೋಸಹೋಗುವುದು ಇಲ್ಲಿಯೇ.

ನನಗೆ ಹೆಚ್ಚು ಆತಂಕವಾದದ್ದು ಎಂಟನೆಯ ಪುಟದ ಸಲಹೆ: ‘ಎರಡು ತಿಂಗಳಿಗೊಮ್ಮೆ ಇಡೀ ಮಂದೆಗೆ ಔಷಧಿ ಕುಡಿಸಿ, ಅದೇ ದಿನ ಹೊಸ ಹುಲ್ಲುಗಾವಲಿಗೆ ಹೊಡೆಯಿರಿ.’ ಹಳೆಯ ಕೈಪಿಡಿಗಳು ಹೀಗೆಯೇ ಹೇಳುತ್ತಿದ್ದವು, ನಿಮ್ಮನ್ನು ದೂರುವಂತಿಲ್ಲ. ಆದರೆ ಏನಾಗುತ್ತದೆಂದು ಯೋಚಿಸಿ. ಔಷಧಿಗೆ ಸಾಯದೆ ಉಳಿದ ಹುಳುಗಳು ಮಾತ್ರ ಕುರಿಯ ಹೊಟ್ಟೆಯಲ್ಲಿ ಹೊಸ ಹುಲ್ಲಿಗೆ ಹೋಗುತ್ತವೆ. ಒಂದು ಹೆಣ್ಣು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮಳೆಗಾಲದ ತೇವ ಮತ್ತು ಬಿಸುಪಿನಲ್ಲಿ ವಾರದೊಳಗೆ ಮರಿಹುಳು ಹುಲ್ಲಿನ ಗರಿ ಹತ್ತಿ ಕುಳಿತಿರುತ್ತದೆ, ಕುರಿಯ ಹೊಟ್ಟೆ ಸೇರಿದ ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರು. ಆ ಹುಲ್ಲುಗಾವಲಿನಲ್ಲಿ ಹುಟ್ಟುವುದೆಲ್ಲ ಮದ್ದಿಗೆ ಜಗ್ಗದ ಸಂತತಿ. ಕೆಂಪು ಕಣ್ಣಿನ ಕುರಿಗಳಿಗೆ ಕುಡಿಸದೆ ಬಿಡುವುದು ಔಷಧಿಯ ಖರ್ಚು ಉಳಿಸಲಷ್ಟೇ ಅಲ್ಲ. ಅವುಗಳ ಹೊಟ್ಟೆಯ ಸಾಮಾನ್ಯ ಹುಳುಗಳು ಈ ಮೊಂಡು ಸಂತತಿಯೊಡನೆ ಬೆರೆತು ಅದರ ಬಲ ಕುಗ್ಗಿಸಲಿ ಎಂದು. ಇದನ್ನು ಕುರಿಗಾಹಿಗೆ ಅರ್ಥವಾಗುವಂತೆ ಬರೆಯುವುದು ಕಷ್ಟದ ಕೆಲಸ. ನಿಮ್ಮ ಶ್ರಮವೆಲ್ಲ ಅಲ್ಲಿಗೆ ಮೀಸಲಾಗಲಿ.

ಅಳತೆಯ ಮಾತನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಬಾಟಲಿಯ ಮುಚ್ಚಳದಲ್ಲಿ ಅಳೆದು, ಮರಿಗೂ ಟಗರಿಗೂ ಒಂದೇ ಪ್ರಮಾಣ ಕುಡಿಸುವ ರೂಢಿ ನಿಮ್ಮ ಊರಿನಲ್ಲಿಲ್ಲವೇ? ಅರ್ಧ ಪ್ರಮಾಣದ ಔಷಧಿ ಹುಳುವಿಗೆ ಪಾಠ ಹೇಳಿಕೊಟ್ಟಂತೆ. ಕೆಲವು ಕುರಿಗಳನ್ನಾದರೂ ತಕ್ಕಡಿಗೆ ಹಾಕಿ, ಸರೀಕ ಗಾತ್ರದವುಗಳಲ್ಲಿ ಹೆಚ್ಚು ತೂಗುವುದರ ಲೆಕ್ಕದಲ್ಲಿ ಅವುಗಳಿಗೆಲ್ಲ ಕುಡಿಸಬೇಕೆಂಬುದನ್ನು, ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತುಹುಳು ಔಷಧಿ ಕೂಡದೆಂಬುದನ್ನು, ತಲೆಯನ್ನು ತೀರ ಮೇಲೆತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆಂಬುದನ್ನು ಬರೆಯಿರಿ.

ವರ್ಗೀಕರಣದ ಪಟ್ಟಿ, ಪಶುಗಣತಿ, ಕೊನೆಯ ‘ಹೀಗೆ ನಾವೆಲ್ಲರೂ ಜಾಗೃತರಾಗೋಣ’ ಎಂಬ ಪ್ಯಾರಾ ಮೂರನ್ನೂ ತೆಗೆಯಿರಿ. ನಾಲ್ಕು ಪುಟ ಸಾಕು. ಔಷಧಿಗಳ ಹೆಸರು ಮತ್ತು ಪ್ರಮಾಣವನ್ನು ನಿಮ್ಮ ತಾಲ್ಲೂಕಿನ ಪಶುವೈದ್ಯರಿಗೆ ಓದಿ ಹೇಳಿ ತಿದ್ದಿಸಿಕೊಳ್ಳಿ. ಮೇ ಕೊನೆಯೊಳಗೆ ಹೊಸ ಪ್ರತಿ ತಲುಪಿದರೆ ಮುಂಗಾರಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ. ಜೊತೆಗೆ ಎರಡು ಚಿತ್ರ ಬೇಕು: ಒಂದು ಕೆಂಪು ರೆಪ್ಪೆ, ಒಂದು ಬಿಳಿಚಿದ್ದು. ಎರಡನ್ನೂ ಬಿಸಿಲಿನಲ್ಲಿಯೇ ತೆಗೆಯಿರಿ, ದೊಡ್ಡಪ್ಪನವರ ಹೆಬ್ಬೆರಳು ಚಿತ್ರದಲ್ಲಿ ಬಂದರೆ ಅಡ್ಡಿಯಿಲ್ಲ.

ಇಂತಿ,
ಸಂಪಾದಕ