‘ಅಣ್ಣಾ’ ಅನ್ನುವವನು ‘ಸರ್’ ಅಂದಾಗ

ಇದನ್ನು ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಓದು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಹೆಸರುಗಳ ಬದಲಿಗೆ ದೊಡ್ಡವ, ಸಣ್ಣವ ಎನ್ನುತ್ತೇನೆ. ಇಬ್ಬರ ನಡುವೆ ಎರಡು ವರ್ಷದ ಅಂತರ.

ನನ್ನ ಬಳಿ ಆಪ್ತಸಮಾಲೋಚನೆಗೆ ಮೊದಲು ಬಂದವನು ದೊಡ್ಡವ. ಇಂಜಿನಿಯರಿಂಗ್ ಮುಗಿಸಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾನೆ. ಶಿಫ್ಟ್ ಮುಗಿಸಿ ಸೀದಾ ಬಂದಿದ್ದ, ಉಗುರಿನ ಸಂದಿಯಲ್ಲಿ ಕಪ್ಪು ಮರಳು ಹಾಗೇ ಇತ್ತು. ಕೂತವನೇ ಕೇಳಿದ: “ಮೇಡಮ್‌ರೀ, ಒಂದ್ ಸಿನಿಮಾ ಸಲುವಾಗಿ ಯಾರರ ಮಾತು ಬಿಡ್ತಾರೇನ್ರಿ?”

ಅನಗೋಳದಲ್ಲಿ ನಾಲ್ಕು ಜನ ಸೇರಿ ಬಾಡಿಗೆ ರೂಮು ಮಾಡಿಕೊಂಡಿದ್ದಾರೆ. ಮೂವರು ಕೆಲಸಕ್ಕೆ ಹೋಗುವವರು, ಸಣ್ಣವನೊಬ್ಬ ಇನ್ನೂ ಕೊನೆಯ ವರ್ಷದಲ್ಲಿ ಓದುತ್ತಿದ್ದಾನೆ. ಒಂದು ರವಿವಾರ ನಾಲ್ವರೂ ಕಾಲೇಜು ಹುಡುಗರ ಕಾಮಿಡಿ ಸಿನಿಮಾಕ್ಕೆ ಹೋಗಿದ್ದರು. ಹಾಸ್ಟೆಲು, ಮೆಸ್ಸು, ವಾರ್ಡನ್ನು, ಪರೀಕ್ಷೆಯ ಹಿಂದಿನ ರಾತ್ರಿ, ಇವಿಷ್ಟರ ಗದ್ದಲವೇ ಆ ಸಿನಿಮಾ. ಹೊರಗೆ ಬಂದಾಗ ಒಬ್ಬ ಅಂದನಂತೆ, “ಕಥೀನ ಇಲ್ಲ, ಬರೇ ಒದರಾಟ, ಕ್ಯಾಮೆರಾ ಅಳ್ಳಾಡಿ ಅಳ್ಳಾಡಿ ತೆಲಿ ನೋಯಾಕತ್ತೈತಿ.” ಇನ್ನೊಬ್ಬ ಮರುದಿನದ ಆಟಕ್ಕೂ ಟಿಕೆಟ್ ತೆಗೆಯಲು ಮೊಬೈಲ್ ಹಿಡಿದಿದ್ದ. ದೊಡ್ಡವನಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಂತಾಗಿತ್ತು. ಸಣ್ಣವ ಮಾತ್ರ ಇಂಟರ್‌ವಲ್‌ಗೆ ಮೊದಲೇ ಎದ್ದು ಹೋಗಿದ್ದ.

ಈ ಬಗೆಯ ಸಿನಿಮಾಗಳ ಸುತ್ತ ಜಗಳ ಹೊಸದಲ್ಲ. 2016ರ ಡಿಸೆಂಬರ್ ಕೊನೆಗೆ ‘ಕಿರಿಕ್ ಪಾರ್ಟಿ’ ಬಂದಾಗ, 2023ರ ಜುಲೈನಲ್ಲಿ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬಂದಾಗ, ನನ್ನ ಬಳಿ ಬರುವ ಹುಡುಗ ಹುಡುಗಿಯರೇ ಎರಡು ಪಾಲಾಗಿ ವಾದಿಸಿದ್ದನ್ನು ಕೇಳಿದ್ದೇನೆ. ಈ ಪ್ರಕರಣದ ಸಿನಿಮಾ ಅವೆರಡೂ ಅಲ್ಲ. ಅದರ ಹೆಸರು ಹೇಳಿದರೆ ಯಾವ ತಿಂಗಳು, ಯಾವ ರವಿವಾರ ಎಂದು ಹುಡುಕುವವರಿಗೆ ದಾರಿಯಾಗುತ್ತದೆ, ಆದ್ದರಿಂದ ಬೇಡ.

“ಅಂವಗ ಕಾಮಿಡಿ ಅನ್ನೂದ ತಿಳಿಯೂದಿಲ್ರಿ” ಎಂದ ದೊಡ್ಡವ. ಮೂರು ವಾರದಿಂದ ಸಣ್ಣವ ಅವನ ಜೊತೆ ಖಾನಾವಳಿಗೆ ಬರುತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಅಷ್ಟೇ. ಮೊದಲ ದಿನ ನಾನು ತಪ್ಪು ದಾರಿ ಹಿಡಿದೆ. ಸಿನಿಮಾ ನೆಪವಿರಬೇಕು, ಒಳಗೆ ಬಾಡಿಗೆಯದೋ ಸಾಲದ್ದೋ ತಕರಾರು ಇರಬೇಕೆಂದು ಅರ್ಧ ಗಂಟೆ ದುಡ್ಡಿನ ಸುತ್ತಲೇ ಕೇಳಿದೆ. ಹೋಗುವಾಗ ಬಾಗಿಲ ಬಳಿ ನಿಂತು ಅವನು ಒಂದು ಮಾತು ಹೇಳಿದ: “ಮೊದಲ ನಂಗ ಅಣ್ಣಾ ಅಂತಿದ್ದಾ ರೀ. ಈಗ ಸರ್ ಅನ್ನಾಕತ್ತಾನ.”

ಅವನನ್ನು ಮತ್ತೆ ಕೂರಿಸಿದೆ. ಸಣ್ಣವ ‘ಸರ್’ ಅಂತ ಈ ಮೊದಲು ಯಾವಾಗ ಅಂದಿದ್ದ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಸಣ್ಣವ ಮೊದಲ ವರ್ಷಕ್ಕೆ ಬಂದಾಗ ದೊಡ್ಡವ ಮೂರನೇ ವರ್ಷದಲ್ಲಿದ್ದ. ಆ ಹಾಸ್ಟೆಲಿನ ರೂಢಿಯಂತೆ ಹೊಸಬರು ಸೀನಿಯರ್‌ಗಳಿಗೆ ಸರ್ ಅನ್ನಬೇಕು. ಮುಖ ನೋಡಬಾರದು, ಅಂಗಿಯ ಮೂರನೇ ಗುಂಡಿ ನೋಡಿಕೊಂಡು ಮಾತಾಡಬೇಕು. ಸಣ್ಣವನ ಅಪ್ಪ ಬಾಗಲಕೋಟೆ ಜಿಲ್ಲೆಯ ಸಂತೆಗಳಲ್ಲಿ ಉಳ್ಳಾಗಡ್ಡಿ ಮಾರುವವರು. ಅದು ಗೊತ್ತಾದ ರಾತ್ರಿ ದೊಡ್ಡವ ಅವನನ್ನು ಕಾಟಿನ ಮೇಲೆ ಹತ್ತಿಸಿ, “ನಿಮ್ಮಪ್ಪ ಸಂತ್ಯಾಗ ಹೆಂಗ ಕೂಗ್ತಾನ, ಕೂಗಿ ತೋರ್ಸು” ಅಂದಿದ್ದ. ಹತ್ತು ಹನ್ನೆರಡು ಜನ ಸುತ್ತ ಕೂತಿದ್ದರು. ದನಿ ಸಣ್ಣದಾಯಿತೆಂದು ಮತ್ತೆ ಮತ್ತೆ ಕೂಗಿಸಿದರು. ಅಂದಿನಿಂದ ಅವನ ಹೆಸರು ‘ಉಳ್ಳಾಗಡ್ಡಿ’. ದೊಡ್ಡವ ತನ್ನ ಮೊಬೈಲ್ ತೆಗೆದು ತೋರಿಸಿದ. ಸಣ್ಣವನ ನಂಬರ್ ಅದೇ ಹೆಸರಿನಲ್ಲಿತ್ತು, ಪಕ್ಕದಲ್ಲಿ ಒಂದು ಕೆಂಪು ಹೃದಯದ ಗುರುತು.

ಆ ಹೃದಯದ ಗುರುತು ಸುಳ್ಳಲ್ಲ. ಆಮೇಲೆ ಇಬ್ಬರೂ ಗೆಳೆಯರಾದದ್ದು ಖರೆ. ಸಣ್ಣವನಿಗೆ ಡೆಂಗಿಯಾದಾಗ ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿ ಕೂತವನು ದೊಡ್ಡವನೇ. ಸಿನಿಮಾದಲ್ಲಿ ಒಬ್ಬ ಹೊಸ ಹುಡುಗನನ್ನು ಕಾಟಿನ ಮೇಲೆ ನಿಲ್ಲಿಸಿ ಕುಣಿಸುವ ದೃಶ್ಯ ಬಂದಾಗ ಅವನು ಪಕ್ಕದಲ್ಲಿದ್ದ ಸಣ್ಣವನ ತೊಡೆಗೆ ಹೊಡೆದು “ನೆನಪಾತೇನಲೇ ಉಳ್ಳಾಗಡ್ಡಿ?” ಅಂದಿದ್ದ. ಅವನ ಲೆಕ್ಕದಲ್ಲಿ ಅದು ಸಲುಗೆ.

ಮುಂದಿನ ಭೇಟಿಗೆ ಮೊದಲು ನಾನೂ ಆ ಸಿನಿಮಾ ನೋಡಿ ಬಂದೆ. ಹಲವು ಕಡೆ ನಕ್ಕೆ. ಕಥೆಯ ಬಲಕ್ಕಿಂತ ‘ಹೌದಲ್ಲ, ನಮ್ಮ ರೂಮೂ ಹೀಗೇ ಇತ್ತು’ ಎಂಬ ಗುರುತಿನ ಬಲದ ಮೇಲೆ ನಿಂತ ಸಿನಿಮಾ ಅದು. ಹಾಸ್ಟೆಲಿನಲ್ಲಿ ಇರದವರಿಗೆ ಬರೀ ಗದ್ದಲ ಕಾಣುತ್ತದೆ, ಇದ್ದವರಿಗೆ ತಮ್ಮ ದಿನಗಳು ಕಾಣುತ್ತವೆ. ಆದರೆ ಇದ್ದವರಲ್ಲೂ ಕಾಟಿನ ಸುತ್ತ ಕೂತವರಿದ್ದಾರೆ, ಕಾಟಿನ ಮೇಲೆ ನಿಂತವರಿದ್ದಾರೆ. ನಮ್ಮ ಥೇಟರಿನಲ್ಲೂ ಆ ದೃಶ್ಯಕ್ಕೆ ಎಲ್ಲರೂ ನಗಲಿಲ್ಲ, ನಗದವರು ಯಾರೆಂದು ಕತ್ತಲೆಯಲ್ಲಿ ಕಾಣಲಿಲ್ಲ.

ದೊಡ್ಡವನಿಗೆ ಹೇಳಿದ್ದು ಇಷ್ಟು. ಸಿನಿಮಾ ಚಲೋ ಐತೋ ಇಲ್ಲೋ ಎಂಬ ವಾದ ರೂಮಿನಲ್ಲಿ ಇನ್ನು ತೆಗೆಯಬೇಡ, ಅದರಲ್ಲಿ ನೀನು ಗೆದ್ದರೂ ಅವನು ಮತ್ತೊಮ್ಮೆ ಸೋತಂತೆ. ಆ ಹೆಸರಿನಿಂದ ಕರೆಯುವುದನ್ನು ಇವತ್ತೇ ನಿಲ್ಲಿಸು, ಉಳಿದಿಬ್ಬರಿಗೂ ಸದ್ದಿಲ್ಲದೆ ಹೇಳು. ಆ ರಾತ್ರಿ ನೀನು ಮಾಡಿದ್ದನ್ನು ಒಂದು ಹಾಳೆಯ ಮೇಲೆ ಬರೆದು ತಾ. ‘ಆದರೆ’ ಎಂಬ ಮಾತು ಅದರಲ್ಲಿ ಬರಕೂಡದು.

ಮೊದಲ ಸಲ ಎರಡು ಪುಟ ಬರೆದು ತಂದ. ಮುಕ್ಕಾಲು ಪಾಲು ತನ್ನನ್ನು ತನ್ನ ಸೀನಿಯರ್‌ಗಳು ಹೇಗೆ ಗೋಳು ಹೊಯ್ದುಕೊಂಡಿದ್ದರು ಎಂಬುದೇ. ಅದನ್ನು ಬದಿಗಿಡಲಿಲ್ಲ, ಒಂದು ಭೇಟಿ ಪೂರ್ತಿ ಅದಕ್ಕೇ ಕೊಟ್ಟೆ. ಅವನೂ ಅತ್ತ. ತಾನು ಅನುಭವಿಸಿದ್ದನ್ನು ಯಾರ ಮುಂದೆಯೂ ಹೇಳದೆ, ಎರಡೇ ವರ್ಷಕ್ಕೆ ಇನ್ನೊಬ್ಬನಿಗೆ ಅದನ್ನೇ ಮಾಡುವುದನ್ನು ನಾನು ಬಹಳ ಕಂಡಿದ್ದೇನೆ. ಆದರೂ ಸಣ್ಣವನ ಮುಂದೆ ಈ ಕಥೆ ತೆಗೆಯಬೇಡ ಎಂದೆ. ಮೂರನೇ ಸಲ ತಂದ ಹಾಳೆಯಲ್ಲಿ ಆರೇ ಸಾಲು ಇತ್ತು. ಕೊನೆಯದು: “ನಿಮ್ಮ ಅಪ್ಪಾರ ದುಡಿಮೀನ ನಗಿ ಮಾಡಿದ್ನಿ.”

ಇದನ್ನು ವಾಟ್ಸಾಪಿನಲ್ಲಿ ಕಳಿಸಬೇಡ, ಎಲ್ಲರ ಮುಂದೆ ಓದಬೇಡ, ಕುಡಿದಾಗ ಹೇಳಬೇಡ ಎಂದೆ. ಹೇಳಿದ ಮೇಲೆ ‘ಈಗ ಸಿಟ್ಟು ಹೋತೇನ’ ಎಂದು ಕೇಳಕೂಡದು. ಅವನು ಎದ್ದು ಹೋದರೆ ಹೋಗಲಿ, ಹಿಂದೆ ಬೀಳಬೇಡ. ಅವನನ್ನು ನನ್ನ ಬಳಿ ಕರೆತರಲೇ ಎಂದು ಕೇಳಿದ, ಎಳೆದು ತರಬೇಡ, ನಂಬರ್ ಕೊಡು ಸಾಕು ಎಂದೆ.

ಸುಮಾರು ಮೂರು ವಾರದ ಮೇಲೆ ಸಣ್ಣವ ತಾನಾಗಿ ಬಂದ. ದೊಡ್ಡವ ಕೋಟೆ ಕೆರೆಯ ದಂಡೆಗೆ ಕರೆದೊಯ್ದು ಆ ಆರು ಸಾಲು ಹೇಳಿದ್ದನಂತೆ. “ಕೇಳ್ಕೊಂಡ ಸುಮ್ನ ಬಂದ್ನಿರಿ. ಏನ್ ಅನ್ಬೇಕ ಗೊತ್ತಾಗಲಿಲ್ಲ.”

ಅವನು ಬಂದದ್ದು ಬೇರೆ ಕಾರಣಕ್ಕೆ. ಕ್ಯಾಂಪಸ್ ಇಂಟರ್‌ವ್ಯೂದಲ್ಲಿ ಎದುರು ಕೂತವರ ಮುಖ ನೋಡಲಾಗದೆ ಅಂಗಿಯ ಗುಂಡಿಯನ್ನೇ ನೋಡುತ್ತ ಕೂತಿದ್ದ. ಹೊರಗೆ ಬಂದ ಮೇಲೆಯೇ ಅದು ಅವನಿಗೆ ಹೊಳೆದದ್ದು. ಆಮೇಲೆ ಇನ್ನೊಂದು ಮಾತು ಬಂತು. ಅಪ್ಪ ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಬೆಳಗಾವಿಗೆ ಬರುತ್ತಾರೆ. ಆ ರಾತ್ರಿಯ ನಂತರ ಇವನು ಅವರನ್ನು ಹಾಸ್ಟೆಲಿಗಾಗಲಿ ರೂಮಿಗಾಗಲಿ ಕರೆದೇ ಇಲ್ಲ. ಬುತ್ತಿ ಇಸಿದುಕೊಳ್ಳುವುದು ಬಸ್ ಸ್ಟ್ಯಾಂಡಿನಲ್ಲಿ. ಕಾಲೇಜಿನಲ್ಲಿ ಬಹಳ ಕೆಲಸ ಎಂದು ಹೇಳಿ ಅಲ್ಲಿಂದಲೇ ಮರಳಿ ಬಸ್ ಹತ್ತಿಸಿಬಿಡುತ್ತಾನೆ. “ಮೂರ ವರ್ಷ ಆತ್ರಿ, ಅಪ್ಪನ್ನ ಬಸ್ ಸ್ಟ್ಯಾಂಡಿನಾಗ ನಿಲ್ಸೀನಿ.” ಆಗ ಮೊದಲ ಸಲ ಮುಖ ಎತ್ತಿ ನನ್ನ ಕಡೆ ನೋಡಿದ.

ಅವನಿಗೆ ಮೂರು ಸಂಗತಿ ಸ್ಪಷ್ಟವಾಗಿ ಹೇಳಬೇಕಿತ್ತು. ಆಗ ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ. ಆಮೇಲೆ ಗೆಳೆತನ ಬೆಳೆಯಿತೆಂದು ಆ ರಾತ್ರಿ ಅಳಿಸಿ ಹೋಗುವುದಿಲ್ಲ, ಆ ರಾತ್ರಿ ಇತ್ತೆಂದು ಗೆಳೆತನ ಸುಳ್ಳೂ ಆಗುವುದಿಲ್ಲ. ಸಿಟ್ಟು ಮೂರು ವರ್ಷ ತಡವಾಗಿ, ಅದೂ ಕಾಮಿಡಿ ನೋಡುವಾಗ ಬಂದಿತೆಂದು ನಾಚಬೇಕಿಲ್ಲ. ಸುರಕ್ಷಿತ ಅನಿಸಿದ ಮೇಲೆಯೇ ಹಲವರಿಗೆ ಸಿಟ್ಟು ಬರುವುದು.

ದೂರು ಕೊಡುವ ಹಕ್ಕಿನ ಬಗ್ಗೆಯೂ ಹೇಳಿದೆ. ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ 2009ರ ಮಾರ್ಚ್‌ನಲ್ಲಿ ಒಬ್ಬ ವಿದ್ಯಾರ್ಥಿ ರ‍್ಯಾಗಿಂಗ್‌ಗೆ ಬಲಿಯಾದ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ ಬಂತು. ಅದರ ಪ್ರಕಾರ ಹೊಡೆತ ಬಿದ್ದರಷ್ಟೇ ರ‍್ಯಾಗಿಂಗ್ ಅಲ್ಲ, ಮಾತಿನಿಂದ ಹೀಯಾಳಿಸುವುದು, ನಾಚಿಕೆಯಾಗುವಂಥ ಕೆಲಸ ಮಾಡಿಸುವುದೂ ರ‍್ಯಾಗಿಂಗೇ. ಸಹಾಯವಾಣಿ 1800-180-5522 ಹಗಲೂ ರಾತ್ರಿಯೂ ಇರುತ್ತದೆ. ವಿದ್ಯಾರ್ಥಿಯೂ ಪಾಲಕರೂ ವರ್ಷವರ್ಷ ಮುಚ್ಚಳಿಕೆ ಬರೆದುಕೊಡಬೇಕೆಂಬುದೂ ಆ ನಿಯಮದಲ್ಲಿದೆ. ಇದನ್ನು ಕೇಳಿ ಸಣ್ಣವ ಅಂದ: “ನನ್ನ ಮಗ ಯಾರಿಗೂ ತ್ರಾಸ ಕೊಡೂದಿಲ್ಲ ಅಂತ ಅಪ್ಪ ಸಹಿ ಮಾಡಿದ್ದು ನೆನಪೈತ್ರಿ. ಪೆನ್ ಗಟ್ಟಿ ಹಿಡದ ನಿಧಾನ ಬರದಿದ್ದ.” ದೂರು ಬೇಡ ಎಂದ. ಅದು ಅವನ ನಿರ್ಧಾರ, ನಾನು ಒತ್ತಾಯಿಸಲಿಲ್ಲ. ನಿದ್ದೆ, ಊಟ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ಕೇಳಿದೆ. ಅಪಾಯ ಕಾಣಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ, ಅಲ್ಲಿ ಕನ್ನಡದಲ್ಲೇ, ದುಡ್ಡಿಲ್ಲದೆ, ಯಾವ ಹೊತ್ತಿಗೂ ಮಾತಾಡಬಹುದು.

ಕಣ್ಣೆತ್ತಿ ಮಾತಾಡುವ ರೂಢಿಗೆ ಸಣ್ಣ ಸಣ್ಣ ಅಭ್ಯಾಸ ಕೊಟ್ಟೆ. ಖಾನಾವಳಿಯವರ ಮುಖ ನೋಡಿ ಇನ್ನೊಂದು ರೊಟ್ಟಿ ಕೇಳುವುದು, ಬಸ್ಸಿನಲ್ಲಿ ಕಂಡಕ್ಟರ್ ಮುಖ ನೋಡಿ ಚಿಲ್ಲರೆ ಇಸಿದುಕೊಳ್ಳುವುದು. ಅಪ್ಪನ ವಿಷಯಕ್ಕೆ ಸಲಹೆ ಎಂದು ಏನೂ ಹೇಳಲಿಲ್ಲ. ಅವರು ಮುಂದೆ ಬರುವುದು ಯಾವಾಗ ಎಂದು ಮಾತ್ರ ಕೇಳಿದೆ.

ಮುಂದಿನ ತಿಂಗಳು ಅಪ್ಪ ರೂಮಿಗೆ ಬಂದರು, ಬುತ್ತಿಯ ಜೊತೆ ಅರ್ಧ ಚೀಲ ಉಳ್ಳಾಗಡ್ಡಿ. ದೊಡ್ಡವ ಕೆಳಗಿಳಿದು ಹೋಗಿ ಚೀಲವನ್ನು ಎರಡು ಮಹಡಿ ಹೊತ್ತು ತಂದ. ಚಹಾ ಕುಡಿಯುವಾಗ ಅಪ್ಪ ಸಂತೆಯ ಧಾರಣೆ ಹೇಳುತ್ತಿದ್ದರು, ದೊಡ್ಡವ ನೆಲ ನೋಡುತ್ತ ಕೇಳುತ್ತಿದ್ದ ಎಂದು ಸಣ್ಣವ ಹೇಳಿದ. ‘ಸರ್’ ನಿಂತಿದೆ. ‘ಅಣ್ಣಾ’ ಇನ್ನೂ ಬಂದಿಲ್ಲ, ಸದ್ಯ ಹೆಸರು ಹಿಡಿದು ಕರೆಯುತ್ತಾನೆ.

ಕೊನೆಯ ಭೇಟಿಯಲ್ಲಿ ಸಣ್ಣವ ಆ ಸಿನಿಮಾವನ್ನು ಒಬ್ಬನೇ ಮೊಬೈಲಿನಲ್ಲಿ ಪೂರ್ತಿ ನೋಡಿದೆ ಎಂದ. ಕಾಟಿನ ದೃಶ್ಯವನ್ನು ಓಡಿಸಿಬಿಟ್ಟನಂತೆ. ಮೆಸ್ಸಿನ ಅಡುಗೆಯವನು ಸಾರಿಗೆ ನೀರು ಸುರಿದು ಸಿಕ್ಕಿಬೀಳುವಲ್ಲಿ ನಗು ತಡೆಯಲಾಗಲಿಲ್ಲ ಎಂದು ಹೇಳುತ್ತಾ, ನನ್ನ ಮುಖ ನೋಡಿಕೊಂಡೇ ಮತ್ತೆ ನಕ್ಕ.