ಹರಾಜಿನಲ್ಲಿ ರೇಸ್ ಕುದುರೆ ಕೊಳ್ಳೋಕೆ ಏಜೆಂಟ್ ಯಾಕೆ ಬೇಕು?

ಕಡ್ಡಾಯವೇನಲ್ಲ, ನೀವೇ ಹರಾಜು ಕೂಗಬಹುದು. ಆದರೆ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಟ್ಯಾಟರ್ಸಾಲ್ಸ್ ಎಂಬ ಹರಾಜು ಸಂಸ್ಥೆ ನಡೆಸುವ ಅಕ್ಟೋಬರ್ ಹರಾಜಿಗೆ ಬರುವುದು ಒಂದು ವರ್ಷದ ಕುದುರೆಮರಿಗಳು. ಒಂದೂ ರೇಸ್ ಓಡಿರುವುದಿಲ್ಲ. ನೋಡಲು ಸಿಗುವುದು ವಂಶ, ಮೈಕಟ್ಟು, ನಡಿಗೆ ಅಷ್ಟೇ.

ಏಜೆಂಟ್ ನೂರಾರು ಮರಿಗಳನ್ನು ಲಾಯದ ಮುಂದೆ ನಡೆಸಿ ನೋಡುತ್ತಾನೆ: ಮುಂಗಾಲು ಒಳಕ್ಕೆ ತಿರುಗಿದೆಯಾ, ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳುತ್ತಾ (ಬಿದ್ದರೆ ಒಳ್ಳೆಯ ಲಕ್ಷಣ). ಪಶುವೈದ್ಯರಿಂದ ಗಂಟಲು, ಎಕ್ಸ್‌ರೇ ನೋಡಿಸಿ ಬೆಲೆ ಅಂದಾಜು ಹಾಕುತ್ತಾನೆ. ಕಮಿಷನ್ ಸಾಮಾನ್ಯವಾಗಿ ಬೆಲೆಯ ಶೇ. 5. ಬೆಲೆ ಏರಿದರೆ ಅವನಿಗೂ ಲಾಭ ಅಲ್ವಾ, ಹಾಗಾಗಿ ಮಿತಿಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಇಷ್ಟಾದರೂ ಗ್ಯಾರಂಟಿ ಇಲ್ಲ. 2006ರಲ್ಲಿ ಅಮೆರಿಕದಲ್ಲಿ 1.6 ಕೋಟಿ ಡಾಲರ್‌ಗೆ ಹೋದ ‘ದಿ ಗ್ರೀನ್ ಮಂಕಿ’ ಎಂಬ ಕುದುರೆಯನ್ನು ಮಾರುವ ಮುಂಚೆ ಓಡಿಸಿಯೂ ತೋರಿಸಿದ್ದರು. ಅದು ಒಂದೂ ರೇಸ್ ಗೆಲ್ಲಲಿಲ್ಲ.