ಬಡಾವಣೆಗೆ ಬರುವ ಕರಡಿಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಸಾಲದೇ?

ವರ್ಷದಿಂದ ವರ್ಷಕ್ಕೆ ಉತ್ತರ ಅಮೆರಿಕದ ಕಪ್ಪು ಕರಡಿಗಳು ಜಾಸ್ತಿಯಾಗಿ ಮನೆಗಳ ನಡುವೆಯೇ ಓಡಾಡುತ್ತಿವೆ, ಹಿಡಿದು ಸಾಗಿಸಬಾರದೇ ಅಂತ ಕೇಳಿದ್ದೀರಿ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನೂರಾರು ಕಿಲೋಮೀಟರ್ ಆಚೆ ಬಿಟ್ಟ ಕರಡಿಗಳೂ ವಾಪಸ್ ಬಂದದ್ದುಂಟು. ಅದು ಬರದಿದ್ದರೆ ಇನ್ನೊಂದು ಬರುತ್ತದೆ, ತಿನ್ನಲು ಸಿಗುತ್ತಿದೆಯಲ್ಲ.

ನಮ್ಮನೆಗೆ ಕರಡಿಯನ್ನು ಕರೆದವನು ನಾನೇ. ಹಕ್ಕಿಗಳಿಗೆಂದು ಹಿತ್ತಲ ಕಂಬಕ್ಕೆ ಕಾಳಿನ ಡಬ್ಬಿ ನೇತುಹಾಕಿದ್ದೆ. ಒಂದು ರಾತ್ರಿ ಲಟಕ್ ಅಂತ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಕಂಬ ಬಾಗಿದೆ. ಅದರ ಬುಡದಲ್ಲಿ ಕರಡಿ ಕಾಲು ಚಾಚಿ ಕೂತು, ಡಬ್ಬಿಯನ್ನು ಮುಂಗಾಲುಗಳ ನಡುವೆ ಅವುಚಿಕೊಂಡು, ನಾಲಿಗೆಯಿಂದ ಕಾಳು ಬಳಿಯುತ್ತಿತ್ತು. ಪಕ್ಕದಲ್ಲಿ ಎರಡು ಮರಿ, ಚೆಲ್ಲಿದ್ದನ್ನು ಹೆಕ್ಕುತ್ತಿದ್ದವು. ಹೆದರಿಕೆಗಿಂತ ಜಾಸ್ತಿ ಪೆಚ್ಚಾಯಿತು. ಊಟ ಎಲ್ಲಿ ಸಿಗುತ್ತದೆ ಅಂತ ಮರಿಗಳು ಕಲಿಯುವುದು ತಾಯಿಯಿಂದ ತಾನೇ?

ಚಳಿಗಾಲದ ನಿದ್ದೆಗೆ ಮುಂಚೆ ಕರಡಿ ದಿನಕ್ಕೆ 20,000 ಕ್ಯಾಲರಿವರೆಗೂ ತಿನ್ನಬಲ್ಲದು. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ ಒಂದು ಕೆಜಿ ಇದ್ದರೆ ಅದರಲ್ಲೇ ಸುಮಾರು 5,800 ಸಿಕ್ಕಿತು. ಇನ್ನು ಪೊದೆಯಲ್ಲಿ ಒಂದೊಂದೇ ಹಣ್ಣು ಕಿತ್ತು ತಿನ್ನುವ ಕಷ್ಟ ಅದಕ್ಯಾಕೆ?

ಆಮೇಲೆ ನಾನು ಕಾಳಿನ ಡಬ್ಬಿ ಒಳಗಿಟ್ಟೆ. ಮಾಂಸ ಸುಡುವ ಒಲೆಯ ಜಿಡ್ಡನ್ನು ಅವತ್ತವತ್ತೇ ಉಜ್ಜುತ್ತೇನೆ. ಕಾರಿಗೆ ಬೀಗ ಹಾಕುತ್ತೇನೆ. ಕರಡಿಗೆ ಹಿಡಿ ಎಳೆದು ಬಾಗಿಲು ತೆಗೆಯಲು ಬರುತ್ತದೆ, ನಗಬೇಡಿ. ಎಲ್ಲಕ್ಕಿಂತ ಮುಖ್ಯ ಕಸ. ಗಾಡಿ ಬರುವ ದಿನ ಬೆಳಿಗ್ಗೆಯೇ ಹೊರಗಿಡಬೇಕು, ಹಿಂದಿನ ರಾತ್ರಿ ಅಲ್ಲ. ಕರಡಿಗೆ ತೆಗೆಯಲಾಗದ ಮುಚ್ಚಳದ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ನಾನೊಬ್ಬ ಮಾಡಿದರೆ ಏನೂ ಆಗಲಿಲ್ಲ. ನಾಲ್ಕು ಮನೆ ಆಚೆ ರಾತ್ರಿಯೇ ಕಸ ಇಡುತ್ತಿದ್ದರು, ಕರಡಿ ನಮ್ಮ ಹಿತ್ತಲು ದಾಟಿಯೇ ಅಲ್ಲಿಗೆ ಹೋಗುತ್ತಿತ್ತು. ಬೀದಿಯವರೆಲ್ಲ ಒಪ್ಪುವ ಹೊತ್ತಿಗೆ ನನಗೆ ಜಗಳಗಂಟ ಅನ್ನುವ ಹೆಸರು ಬಂದಿತ್ತು. ಆದರೆ ಬರುವುದು ಕಡಿಮೆಯಾಯಿತು.

ಎದುರಿಗೇ ಸಿಕ್ಕರೆ ಓಡಬೇಡಿ, ಅದು ಗಂಟೆಗೆ 50 ಕಿಲೋಮೀಟರ್ ಹತ್ತಿರ ಓಡುತ್ತದೆ. ಮರ ಹತ್ತುವುದರಲ್ಲೂ ನಮಗಿಂತ ಜಾಣ. ಜೋರಾಗಿ ಮಾತಾಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ, ಅದಕ್ಕೂ ಹೋಗಲು ದಾರಿ ಬಿಡಿ. ಬುಸುಗುಟ್ಟಿ ಹಲ್ಲು ಕಟಕಟ ಅನ್ನಿಸಿದರೆ ನೀವು ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ಮತ್ತೆ, ನಾಯಿಯನ್ನು ರಾತ್ರಿ ಹೊತ್ತು ಹಿತ್ತಲಿಗೆ ಹಾಗೇ ಬಿಡಬೇಡಿ. ಅದು ಬೊಗಳಿ ಕೆಣಕಿ, ಹೆದರಿ ನಿಮ್ಮ ಹತ್ತಿರವೇ ಓಡಿ ಬರಬಹುದು, ಕರಡಿ ಅದರ ಬೆನ್ನ ಹಿಂದೆ.